ತಿದ್ದಿದ ಬಲಗಾಲು

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಹುಟ್ಟಿ ಬೆಳೆದದ್ದು ಮರವಂತೆಯಲ್ಲಿ. ಎದುರಿಗೆ ಕಡಲು, ಹಿಂದೆ ಹೊಳೆ, ನಡುವೆ ಹೆದ್ದಾರಿಗೆ ಅಂಟಿಕೊಂಡ ಮನೆ. ಮಳೆಗಾಲದಲ್ಲಿ ಬೆಳಗೆದ್ದ ಕೂಡಲೇ ಕಡಲು ನಿನ್ನೆಗಿಂತ ಎಷ್ಟು ಮುಂದೆ ಬಂದಿದೆ ಎಂದು ನೋಡಿ ಬರುವುದು ಮಕ್ಕಳಾದ ನಮ್ಮ ಕೆಲಸವಾಗಿತ್ತು. ಏನನ್ನಾದರೂ ಕಾಯುತ್ತ, ಕಣ್ಣಲ್ಲೇ ಅಳೆಯುತ್ತ ಇರುವುದು ಹಾಗೆ ಮೈಗೆ ಹತ್ತಿರಬೇಕು. ಸಾಲಿಗ್ರಾಮದ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ಇದನ್ನು ಕಂಡು ನೆಂಟರ ಎದುರಿಗೆಲ್ಲ ಹೇಳಿ ನಗುತ್ತಿದ್ದರು. ನಮ್ಮ ಸೊಸೆ ಊಟಕ್ಕೆ ಕೂತರೂ ಬಸ್ಸಿಗೆ ಕಾದವಳ ಹಾಗೆ ಕೂರುತ್ತಾಳೆ ಎನ್ನುತ್ತಿದ್ದರು. ನನಗೂ ನಗು ಬರುತ್ತಿತ್ತು, ಯಾಕೆಂದರೆ ಅದು ಸುಳ್ಳಾಗಿರಲಿಲ್ಲ.

ಮಗಳು ಹುಟ್ಟಿದ್ದು ಕುಂದಾಪುರದ ಒಂದು ಆಸ್ಪತ್ರೆಯಲ್ಲಿ. ನರ್ಸು ಅವಳನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಪಕ್ಕ ಮಲಗಿಸಿದರು. ಎಲ್ಲರೂ ಮುಖ ನೋಡಿ ಇದು ಯಾರ ಮೂಗು, ಅದು ಯಾರ ಹಣೆ ಎಂದು ಹಂಚಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಬಟ್ಟೆ ಬಿಚ್ಚಿದೆ. ಎಡಗಾಲು ನೆಟ್ಟಗಿತ್ತು. ಬಲಗಾಲಿನ ಪಾದ ಒಳಕ್ಕೆ ಮಡಚಿಕೊಂಡು, ಅಂಗಾಲು ಎಡಗಾಲಿನ ಕಡೆ ತಿರುಗಿತ್ತು. ಕೈಯಲ್ಲಿ ಹಿಡಿದು ಮೆಲ್ಲಗೆ ಹೊರಕ್ಕೆ ಸರಿಸಿದೆ, ಸ್ವಲ್ಪ ಬಂತು. ಬಿಟ್ಟರೆ ಮತ್ತೆ ಅಲ್ಲಿಗೇ ಹೋಯಿತು. ನನ್ನ ಮುಖ ನೋಡಿದ ನರ್ಸು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು.

"ಹೆದ್ರಬೇಡಿ. ಇದ್ನೆಲ್ಲ ಈಗ ತಿದ್ದುಕಾತ್ತ್."

ತಿದ್ದಬಹುದು. ಆ ಕ್ಷಣಕ್ಕೆ ಅದೊಂದು ಮಾತು ಸಾಕಾಗಿತ್ತು. ಆಮೇಲೆ ದಿನವೆಲ್ಲ ಮಲಗಿದಲ್ಲೇ ಅದನ್ನು ಜಗಿಯುತ್ತಿದ್ದೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಕೆಂಪು ಪೆನ್ನು ಹಿಡಿದು ಮಕ್ಕಳ ಉತ್ತರ ತಿದ್ದಿ ತಿದ್ದಿ ನನ್ನ ಮಟ್ಟಿಗೆ ಈ ಪದಕ್ಕೆ ಒಂದೇ ಅರ್ಥ ಉಳಿದಿತ್ತು: ಎಲ್ಲಿ ತಪ್ಪಿದೆಯೋ ಹುಡುಕು, ಗೀಟು ಹಾಕು, ಸರಿಯಾದದ್ದನ್ನು ಬರೆ. ನಮ್ಮ ಕಡೆ ಜನ ಅದನ್ನು ಎಷ್ಟೊಂದು ಕಡೆ ಬಳಸುತ್ತಾರೆ ಎಂದು ಆವರೆಗೆ ಯೋಚಿಸಿರಲೇ ಇಲ್ಲ. ತಟ್ಟೆಯಲ್ಲಿ ಅಕ್ಕಿ ಹರಡಿ ಮಗುವಿನ ಬೆರಳು ಹಿಡಿದು ಬರೆಸುವುದಕ್ಕೆ ಅಕ್ಷರ ತಿದ್ದಿಸುವುದು ಎನ್ನುತ್ತೇವೆ. ಅಲ್ಲಿ ಇನ್ನೂ ತಪ್ಪೇ ಆಗಿರುವುದಿಲ್ಲ. ದೊಡ್ಡವರು ಬರೆದ ಗೆರೆಯ ಮೇಲೆ ಮಗುವಿನ ಬೆರಳು ಮತ್ತೆ ಮತ್ತೆ ಹೋಗುತ್ತದೆ, ಅಷ್ಟೆ. ಯಕ್ಷಗಾನ ಕಲಿಸುವವರು ಹೆಜ್ಜೆ ತಿದ್ದುತ್ತಾರೆ. ಬಾಣಂತಿ ಮನೆಯಲ್ಲಿ ಹೆಂಗಸರು ಎಣ್ಣೆ ಕೈಯಲ್ಲಿ ಶಿಶುವಿನ ಮೂಗು ತಿದ್ದುತ್ತಾರೆ, ತಲೆ ತಿದ್ದುತ್ತಾರೆ. ಯಾರ ಮನೆಯ ಹುಡುಗನೋ ಬಸ್ಸಿನಲ್ಲಿ ಅಡ್ಡಾದಿಡ್ಡಿ ಮಾತಾಡಿದರೆ, ಅವನನ್ನು ತಿದ್ದುವವರು ಯಾರೂ ಇಲ್ಲವೇ ಎಂದು ಕೇಳುತ್ತಾರೆ. ಬಳಕೆ ಎಷ್ಟೇ ಇರಲಿ, ನನ್ನ ಕೈಗೆ ಒಗ್ಗಿದ್ದು ಕೆಂಪು ಪೆನ್ನಿನ ಅರ್ಥ ಮಾತ್ರ. ಮಗಳ ಕಾಲನ್ನು ನಾನು ನೋಡಲು ತೊಡಗಿದ್ದೂ ಹಾಗೆಯೇ.

ಬ್ರಹ್ಮಾವರದಲ್ಲಿ ಒಬ್ಬರು ಮೂಳೆ ಡಾಕ್ಟರಿದ್ದರು. ನನ್ನ ಗಂಡನ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯೂ ಆ ಊರಿನಲ್ಲೇ ಇದ್ದುದರಿಂದ ಅಲ್ಲಿಗೇ ತೋರಿಸಿದೆವು. ಮಾತು ಕಡಿಮೆಯ ಮನುಷ್ಯ. ಮಗುವಿನ ಪಾದವನ್ನು ಎರಡು ಬೆರಳಲ್ಲಿ ಹಿಡಿದು, ತಿರುಗಿಸಿ, ತಲೆ ಎತ್ತಿ ನಮ್ಮಿಬ್ಬರನ್ನು ನೋಡಿ, ಇದನ್ನು ಪೂರ್ತಿ ತಿದ್ದಬಹುದು, ಅದರಲ್ಲಿ ನನ್ನ ಕೆಲಸ ಸ್ವಲ್ಪ, ನಿಮ್ಮ ಕೆಲಸ ಬಹಳ ಎಂದರು. ವಾರ ವಾರ ಪ್ಲಾಸ್ಟರು ಹಾಕುತ್ತಾ ಪಾದವನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತರುತ್ತಾರೆ. ಕೊನೆಗೆ ಹಿಮ್ಮಡಿಯ ಹತ್ತಿರ ಒಂದು ಸಣ್ಣ ಕೊಯ್ತ. ಅದೆಲ್ಲ ಮುಗಿದ ಮೇಲೆ ಎರಡು ಬೂಟು, ಅವೆರಡನ್ನು ಜೋಡಿಸಿದ ಒಂದು ಉಕ್ಕಿನ ಪಟ್ಟಿ. ಸ್ನಾನದ ಹೊತ್ತು ಬಿಟ್ಟರೆ ಮೊದಲ ತಿಂಗಳುಗಳಲ್ಲಿ ಅದನ್ನು ತೆಗೆಯುವ ಹಾಗೇ ಇಲ್ಲ. ಆಮೇಲೆ ಮಲಗುವಾಗ ಮಾತ್ರ, ನಾಲ್ಕು ವರ್ಷ ತುಂಬುವ ತನಕ. ಪ್ಲಾಸ್ಟರಿನಿಂದ ಸರಿಯಾದ ಪಾದ ಹಳೆಯ ಕಡೆಗೇ ಹೋಗಲು ನೋಡುತ್ತದೆ, ತಡೆಯುವುದು ಬೂಟು ಮಾತ್ರ. ತಡೆಯದಿದ್ದರೆ ಮತ್ತೆ ಮೊದಲಿಂದ, ಆಗಲೂ ಆಗದಿದ್ದರೆ ದೊಡ್ಡ ಆಪರೇಷನ್ನು, ಆಮೇಲೆ ಪಾದ ಮರಗಟ್ಟಿದ ಹಾಗೆ ಉಳಿದರೂ ಉಳಿಯಬಹುದು. ಇಷ್ಟನ್ನೂ ಅವರು ಒಂದೇ ದನಿಯಲ್ಲಿ ಹೇಳಿ ಮುಗಿಸಿದರು.

ನನ್ನ ಮಗಳು ಎಲ್ಲರ ಹಾಗೆ ಓಡುತ್ತಾಳೋ ಇಲ್ಲವೋ, ನನಗೆ ಬೇರೆ ಪ್ರಶ್ನೆಯೇ ಉಳಿಯಲಿಲ್ಲ.

ಪ್ಲಾಸ್ಟರಿನ ವಾರಗಳನ್ನು ಹೇಗೋ ಕಳೆದೆವು. ಸಾಲಿಗ್ರಾಮದಿಂದ ಬ್ರಹ್ಮಾವರಕ್ಕೆ ಬಸ್ಸಿನಲ್ಲಿ ಹೋಗುವಾಗ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ಆದರೂ ಆ ಬಿಳಿಯ ಕಾಲು ಹೊರಗೆ ಬಂದೇ ಬರುತ್ತಿತ್ತು. ಪಕ್ಕದ ಸೀಟಿನವರು ಕೇಳುವ ಮೊದಲೇ ನಾನು ಉತ್ತರ ಹೇಳಿ ಮುಗಿಸುತ್ತಿದ್ದೆ. ಮನೆಯಲ್ಲಿ ನಿಜವಾಗಿ ಕಷ್ಟವಾದದ್ದು ಅತ್ತೆಗೆ. ಮೊಮ್ಮಗಳನ್ನು ಮೀಯಿಸಲು ಅವರು ಬಾಣಂತಿ ಎಣ್ಣೆ ಕಾಸಿ, ಬಚ್ಚಲಿನ ಹಂಡೆ ತಿಕ್ಕಿ ಸಿದ್ಧವಾಗಿದ್ದರು. ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿ, ಕೈ ಸುಡುವಷ್ಟು ಬಿಸಿ ನೀರು ಹೊಯ್ಯುವುದು ಅವರಿಗೆ ಗೊತ್ತಿದ್ದ ಮೀಸುವ ಕ್ರಮ. ನನ್ನ ಗಂಡನನ್ನೂ ನಾದಿನಿಯನ್ನೂ ಹಾಗೆಯೇ ಮೀಸಿದವರು. ಪ್ಲಾಸ್ಟರಿಗೆ ನೀರು ತಾಗಬಾರದು ಎಂದಾಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಗಿಂಡಿಯನ್ನು ಹಾಗೇ ಮೇಲಿಟ್ಟರು. ಏನೂ ಹೇಳಲಿಲ್ಲ. ಅವರು ಸುಮ್ಮನಿದ್ದರೆ ಒಪ್ಪಿದ್ದಾರೆ ಎಂದು ತಿಳಿಯುವಷ್ಟು ದಡ್ಡಿ ನಾನು.

ಬೂಟು ಬಂದ ದಿನ ಮಾತ್ರ ಅವರು ಬಾಯಿ ಬಿಟ್ಟರು.

ನಮ್ಮ ಮನೆಯಲ್ಲಿ ಚಪ್ಪಲಿ ಜಗಲಿಯ ಮೆಟ್ಟಿಲು ಹತ್ತುವುದಿಲ್ಲ. ಅದು ಯಾರಾದರೂ ಹೇಳಿಕೊಡಬೇಕಾದ ಪದ್ಧತಿಯಲ್ಲ. ಮಾವ ಇದ್ದಷ್ಟು ಕಾಲ ದೇವಸ್ಥಾನದ ಚಾಕರಿಯಲ್ಲಿದ್ದವರು, ಮನೆಯಲ್ಲೂ ದೇವರ ಕೋಣೆ ಚಾವಡಿಗೆ ಒತ್ತಿಕೊಂಡೇ ಇದೆ. ಅವರು ಹೋದ ಮೇಲೆ ಸಂಜೆಯ ದೀಪ ಹಚ್ಚುವುದನ್ನು ಅತ್ತೆ ಒಂದು ದಿನವೂ ಬೇರೆಯವರಿಗೆ ಬಿಟ್ಟವರಲ್ಲ. ಅಂಥ ಮನೆಯ ಚಾವಡಿಯ ನಡುವೆ ನಾವು ಪೆಟ್ಟಿಗೆ ಬಿಚ್ಚಿ ಬೂಟು ಹೊರಗೆ ತೆಗೆದೆವು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಬೂಟುಗಳು, ನಡುವೆ ಪಟ್ಟಿ. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದರು.

"ಹೊಸ್ತಿಲ ಒಳ್ಗೆ ಚಪ್ಲಿಯಾ?"

ಗಂಡ ತಯಾರಾಗಿಯೇ ಇದ್ದರು. "ಇದ್ ಚಪ್ಲಿ ಅಲ್ಲಮ್ಮ, ಮದ್ದ್."

"ಮದ್ದಿಗೆ ಅಟ್ಟೆ ಇರತ್ತಾ?"

ಗಂಡ ಬೂಟನ್ನು ತಿರುಗಿಸಿ ಅಡಿ ತೋರಿಸಿದರು. ಚರ್ಮವಲ್ಲ, ರೆಕ್ಸಿನು, ನೆಲ ತಾಗಿದ್ದೇ ಇಲ್ಲ, ತಾಗುವುದೂ ಇಲ್ಲ, ಯಾಕೆಂದರೆ ಇದನ್ನು ಹಾಕಿಕೊಂಡವಳು ನಡೆಯುವುದಿಲ್ಲ ಎಂದು ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದರು. ನೆಲ ಮುಟ್ಟದ ಬೂಟು ಚಪ್ಪಲಿಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ತಾಯಿ ಮಗನ ನಡುವೆ ಸ್ವಲ್ಪ ಹೊತ್ತು ವಾದವೇ ನಡೆಯಿತು. ನನಗೋ ಒಳಗೊಳಗೇ ಕುದಿಯುತ್ತಿತ್ತು. ಡಾಕ್ಟರು ಕೊಟ್ಟದ್ದಕ್ಕೆ ಯಾರ ಒಪ್ಪಿಗೆ ಬೇಕು? ಕೊನೆಗೆ ಅತ್ತೆ, ಆಗಲಿ, ಮಗುವಿಗೆ ಒಳ್ಳೆಯದಾಗುವುದಾದರೆ ಆಗಲಿ ಎಂದು ಒಳಗೆ ಹೋದರು. ನಾನು ಗೆದ್ದೆ ಎಂದುಕೊಂಡೆ.

ರಜೆ ಮುಗಿದು ನಾನು ಕುಂದಾಪುರದ ಕಾಲೇಜಿಗೆ ಮರಳಿದೆ. ಬೆಳಿಗ್ಗೆ ಬೂಟಿನ ಮೇಲಿನ ಪಟ್ಟಿ ಬಿಗಿ ಮಾಡಿ, ಹಿಮ್ಮಡಿ ಕೆಳಗೆ ಕೂತಿದೆಯೇ ಎಂದು ಬೂಟಿನ ಹಿಂದಿನ ಕಿಂಡಿಯಲ್ಲಿ ನೋಡಿ, ಅತ್ತೆಯ ಕೈಗೆ ಕೊಟ್ಟು ಓಡುತ್ತಿದ್ದೆ. ತರಗತಿಯಲ್ಲಿ ಪದ್ಯ ಓದುತ್ತಿರುವಾಗ ನಡುವೆ ಆ ಪಾದ ಕಣ್ಣೆದುರು ಬರುತ್ತಿತ್ತು. ಬಿಡುವಿನಲ್ಲಿ ಮನೆಗೆ ಫೋನು ಮಾಡಿ, ಹಾಲು ಕುಡಿದಳಾ, ಮಲಗಿದಳಾ ಎಂದು ಕೇಳುತ್ತ ಕೇಳುತ್ತ ಬೂಟಿನ ಮಾತಿಗೆ ಬರುತ್ತಿದ್ದೆ. ಇದೆ ಇದೆ ಎನ್ನುತ್ತಿದ್ದರು ಅತ್ತೆ. ಹೆದ್ದಾರಿಯಲ್ಲಿ ಬಸ್ಸು ಕಂಡ ಕಂಡಲ್ಲೆಲ್ಲ ನಿಂತರೆ ನನಗೆ ಡ್ರೈವರನ ಮೇಲೆ ಸಿಟ್ಟು, ಹತ್ತುವವರ ಮೇಲೆ ಸಿಟ್ಟು. ಮನೆಗೆ ಬಂದು ಬ್ಯಾಗು ಇಡುವ ಮೊದಲು ಕಾಲು ನೋಡುತ್ತಿದ್ದೆ. ಬೂಟು ಇರುತ್ತಿತ್ತು. ಪಟ್ಟಿ ನಾನು ಬೆಳಿಗ್ಗೆ ಹಾಕಿದ ತೂತಿಗೇ ಇರುತ್ತಿತ್ತು. ಆದರೂ ನನಗೆ ಸಮಾಧಾನವಿರಲಿಲ್ಲ, ಏನೋ ಕಣ್ಣು ತಪ್ಪಿಸುತ್ತಿದೆ ಎಂದು ಅನ್ನಿಸುತ್ತಲೇ ಇತ್ತು.

ಮುಂದಿನ ಸಲ ಬ್ರಹ್ಮಾವರಕ್ಕೆ ಹೋದಾಗ ಡಾಕ್ಟರು ಪಾದವನ್ನು ಮೇಲಕ್ಕೆ ಒತ್ತಿ ನೋಡಿದರು, ಇನ್ನೊಮ್ಮೆ ಒತ್ತಿದರು. ಬೂಟು ದಿನಕ್ಕೆ ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದರು. ಇಡೀ ದಿನ ಎಂದೆ. ಅವರು, ಪಾದ ಸ್ವಲ್ಪ ಹಿಂದಕ್ಕೆ ಹೊರಟಿದೆ, ಎರಡು ವಾರ ನೋಡೋಣ, ಅಷ್ಟರಲ್ಲಿ ನಿಲ್ಲದಿದ್ದರೆ ಮತ್ತೆ ಪ್ಲಾಸ್ಟರು ಎಂದರು. ಬರುವಾಗ ಬಸ್ಸಿನಲ್ಲಿ ನಾನು ನನ್ನನ್ನೇ ಬೈದುಕೊಂಡೆ. ಪಟ್ಟಿ ಸಡಿಲ ಮಾಡಿದ್ದೆನೇ? ಹಿಮ್ಮಡಿ ಸರಿಯಾಗಿ ಕೂರಿಸಲಿಲ್ಲವೇ? ಮಾರನೆಯ ದಿನದಿಂದ ಇನ್ನೊಂದು ತೂತು ಬಿಗಿ ಮಾಡಿದೆ. ಮಗು ಅತ್ತರೂ ಬಿಡಲಿಲ್ಲ.

ಆ ವಾರದಲ್ಲೇ ಒಂದು ದಿನ ಕೊನೆಯ ತರಗತಿಗಳು ನಡೆಯದೆ ನಾನು ಮಾಮೂಲಿಗಿಂತ ಮುಂಚೆ ಹೊರಟೆ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಂಗಳಕ್ಕೆ ಬಂದೆ. ಮೆಟ್ಟಿಲ ಕೆಳಗೆ ಅತ್ತೆಯ ರಬ್ಬರ್ ಚಪ್ಪಲಿ ಇತ್ತು, ಪಕ್ಕದಲ್ಲಿ ನನ್ನ ಗಂಡನ ಹಳೆಯ ಜೋಡು. ಅವೆರಡರ ನಡುವೆ, ನೆಂಟರ ಚಪ್ಪಲಿಯನ್ನು ಹೊರಮುಖವಾಗಿ ತಿರುಗಿಸಿಡುವ ಹಾಗೆ ಅಚ್ಚುಕಟ್ಟಾಗಿ, ಉಕ್ಕಿನ ಪಟ್ಟಿಯ ಸಣ್ಣ ಬೂಟುಗಳು ಇದ್ದವು.

ಒಳಗೆ ದೇವರ ಕೋಣೆಯಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದರು. ಮಗು ಅವರ ಕಾಲ ಮೇಲೆ ಬೆತ್ತಲೆ ಪಾದದಲ್ಲಿ ಮಲಗಿ ದೀಪ ನೋಡುತ್ತಿತ್ತು. ಅವರ ಕೈ ಎಣ್ಣೆಯಾಗಿತ್ತು. ಬಲಪಾದವನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ, ಒಂದೇ ಕಡೆಗೆ, ತೀಡುತ್ತಿದ್ದರು.

ನಾನು ಕಿರುಚಲಿಲ್ಲ. ಕಿರುಚಿದ್ದರೆ ವಾಸಿಯಿತ್ತೇನೋ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಅವರು ಮುಚ್ಚಿಡಲೂ ಇಲ್ಲ. ನಾನು ಹೋದ ಮೇಲೆ ಊಟ ಮಾಡಿಸುವಾಗ ತೆಗೆಯುತ್ತಾರೆ, ತೊಟ್ಟಿಲಿಗೆ ಹಾಕುವಾಗ ತೆಗೆಯುತ್ತಾರೆ. ತೊಟ್ಟಿಲಿನಲ್ಲಿ ಚಪ್ಪಲಿ ಹಾಕಿದ ಮಗುವನ್ನು ಯಾರಾದರೂ ಮಲಗಿಸುತ್ತಾರೆಯೇ? ದೀಪದ ಹೊತ್ತಿಗೆ ತೆಗೆಯುತ್ತಾರೆ. ನನ್ನ ಬಸ್ಸಿನ ಹೊತ್ತಿಗೆ ಹಾಕುತ್ತಾರೆ, ನಾನು ಹಾಕಿದ ತೂತಿಗೇ. ಯಾಕೆಂದರೆ ಬೇರೆ ತೂತಿಗೆ ಹಾಕಿದರೆ ಮಗುವಿಗೆ ನೋವಾದೀತು ಎಂದು ಅವರ ಎಣಿಕೆ.

"ಡಾಕ್ಟ್ರ್ ಹೇಳದ್ ಗೊತ್ತಿಲ್ಯಾ ಅತ್ತೆ? ಕಾಲ್ ತಿದ್ದುದ್ ಬೇಡ್ದಾ ಇವ್ಳದ್ದ್?"

ಅವರು ಪಾದ ಬಿಡದೆ ತಲೆ ಎತ್ತಿದರು. "ನೀ ಒಬ್ಳೇ ತಿದ್ದುದಾ? ನಾನ್ ಮಾಡ್ತಿಪ್ಪುದ್ ಎಂತ ಮತ್ತೆ? ಕಬ್ಣ ಹಾಕಿ ಕಟ್ಟುದ್ ತಿದ್ದುದಲ್ಲ, ಹೆಣ್ಣೆ. ಕೈಯಂಗೆ ಹಿಡ್ಕಣ್ಕ್."

ಕೈಯಲ್ಲಿ ಹಿಡಿದುಕೊಳ್ಳಬೇಕು. ಅವರ ಪಾಲಿಗೆ ಮಗುವನ್ನು ತಿದ್ದುವುದು ಎಂದರೆ ದಿನದಿನ ಕೈ ತಾಗಿಸುವುದು, ಹತ್ತಿರ ಕೂತು ಹೇಳುವುದು, ಬಿಡದೆ ಜೊತೆಗಿರುವುದು. ಪಟ್ಟಿಯಲ್ಲಿ ಬಿಗಿದು ಕೆಲಸಕ್ಕೆ ಹೋಗುವುದಕ್ಕೆ ಅವರು ಆ ಪದವನ್ನು ಕೊಡಲೊಲ್ಲರು. ಅವರು ಹೇಳಿದ್ದರಲ್ಲಿ ಒಂದು ಮುಳ್ಳಿತ್ತು, ಅದು ಎಲ್ಲಿ ತಾಗಬೇಕೋ ಅಲ್ಲಿಗೇ ತಾಗಿತು. ಆದರೆ ಪಾದ ಹಿಂದಕ್ಕೆ ಹೋಗಿತ್ತು. ಎಷ್ಟು ಪ್ರೀತಿಯಿಂದ ತೀಡಿದರೂ ಅದು ಹಿಂದಕ್ಕೇ ಹೋಗಿತ್ತು. ನಾನು ಮಗುವನ್ನು ಎತ್ತಿಕೊಂಡು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ಬೂಟು ಹಾಕಿದೆ. ಅವತ್ತು ನನಗೆ ಅವರ ಮೇಲೆ ಬಂದಂಥ ಸಿಟ್ಟು ಜೀವಮಾನದಲ್ಲಿ ಯಾರ ಮೇಲೂ ಬಂದಿಲ್ಲ. ಮರವಂತೆಗೆ ಹೋಗಿಬಿಡುತ್ತೇನೆ ಎಂದು ಗಂಡನಿಗೆ ಫೋನಿನಲ್ಲಿ ಹೇಳಿದೆ. ಅವರು ಅಂಗಡಿ ಮುಚ್ಚಿ ಬಂದು, ಇಬ್ಬರ ನಡುವೆ ನಿಂತು, ಮಗುವನ್ನು ಹೊತ್ತು ಅಂಗಳದಲ್ಲಿ ತಿರುಗಾಡಿದರು.

ಮತ್ತೆ ಪ್ಲಾಸ್ಟರು ಹಾಕಬೇಕಾಯಿತು.

ಈ ಸಲ ಅತ್ತೆ ನಮ್ಮ ಜೊತೆ ಬ್ರಹ್ಮಾವರಕ್ಕೆ ಬಂದರು. ನಾನು ಕರೆದಿರಲಿಲ್ಲ, ಸೀರೆ ಉಟ್ಟು ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು. ಒದ್ದೆ ಪಟ್ಟಿ ಸುತ್ತುವಾಗ ಮಗು ಅಳತೊಡಗಿತು, ನಾನು ಮುಖ ತಿರುಗಿಸಿದೆ. ಅತ್ತೆ ತಿರುಗಿಸಲಿಲ್ಲ. ಡಾಕ್ಟರು ಪಾದವನ್ನು ಹೊರಕ್ಕೆ ಹಿಡಿದು, ಪ್ಲಾಸ್ಟರು ಗಟ್ಟಿಯಾಗುವ ತನಕ ತಮ್ಮ ಕೈಯನ್ನು ಅಲುಗಿಸದೆ ನಿಂತರು. ಅದನ್ನು ಅತ್ತೆ ಕಣ್ಣು ಮಿಟುಕಿಸದೆ ನೋಡಿದರು. ತಪ್ಪಾಯಿತು ಎಂದು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನಾನು ಬಹಳ ದಿನ ಅದಕ್ಕಾಗಿ ಕಾದೆ.

ಪ್ಲಾಸ್ಟರು ಬಿಚ್ಚಿ ಮತ್ತೆ ಬೂಟು ಹಾಕಿದ ದಿನ ಸಂಜೆ ನಾನು ಮನೆಯಲ್ಲೇ ಇದ್ದೆ. ಕಾಲೇಜಿನಲ್ಲಿ ಸಂಬಳವಿಲ್ಲದ ರಜೆ ಕೇಳಿ ತೆಗೆದುಕೊಂಡಿದ್ದೆ, ಅತ್ತೆಯ ಕೈಗೆ ಮಗುವನ್ನು ಬಿಡುವ ಧೈರ್ಯ ನನಗಿರಲಿಲ್ಲ. ದೀಪದ ಹೊತ್ತಾಗಿತ್ತು. ಅವರು ಕೈಕಾಲು ತೊಳೆದು ಬಂದವರು ದೇವರ ಕೋಣೆಗೆ ಹೋಗಲಿಲ್ಲ. ನನ್ನ ಮಡಿಲಿನಿಂದ ಬೂಟು ಹಾಕಿದ ಮಗುವನ್ನು ಎತ್ತಿಕೊಂಡರು.

"ಇವತ್ತಿಂದ ದೀಪ ನೀ ಹಚ್ಚ್. ನಾ ಇವ್ಳನ್ ಹಿಡ್ಕಂಡ್ ಹೊರ್ಗ್ ಕೂಕಂತೆ."

ನನಗೆ ದೇವರು ದಿಂಡರ ಗೊಡವೆ ಅಷ್ಟಿಲ್ಲ. ಬತ್ತಿ ಹೊಸೆಯಲೂ ಸರಿಯಾಗಿ ಬರುತ್ತಿರಲಿಲ್ಲ. ಹೇಗೋ ಹಚ್ಚಿದೆ. ತಿರುಗಿ ನೋಡಿದರೆ ಚಾವಡಿಯ ಬಾಗಿಲಿನಾಚೆ ಜಗಲಿಯ ತುದಿಯಲ್ಲಿ ಅತ್ತೆ ಕೂತಿದ್ದರು. ದೇವರ ಕೋಣೆಗೆ ಬೆನ್ನು ಹಾಕುವ ಹಾಗಿಲ್ಲ, ಎದುರಾಗಿ ಕೂತರೆ ಬೂಟು ದೀಪದ ಕಡೆಗೆ ಚಾಚುತ್ತದೆ, ಹಾಗಾಗಿ ಪಕ್ಕಕ್ಕೆ ತಿರುಗಿ ಕೂತಿದ್ದರು. ಕುತ್ತಿಗೆ ಮಾತ್ರ ದೀಪದ ಕಡೆಗೆ ಹೊರಳಿತ್ತು. ಮಗುವಿನ ಎರಡು ಬೂಟುಗಳನ್ನೂ ಸೆರಗಿನ ಅಡಿಯಲ್ಲಿ ಕೈಯಲ್ಲಿ ಹಿಡಿದಿದ್ದರು, ತೆಗೆದಿರಲಿಲ್ಲ. ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಸಂಜೆ ದೇವರೆದುರು ನಿಂತವರು ತಮ್ಮ ಮನೆಯ ದೀಪವನ್ನು ಹೊರಗಿನಿಂದ ನೋಡುತ್ತಿದ್ದರು. ನನಗೆ ಅಳು ಬಂತು. ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಒಳಗೇ ನಿಂತೆ.

ಮಾರನೆಯ ವಾರ ರಜೆ ರದ್ದು ಮಾಡಿ ಕಾಲೇಜಿಗೆ ಹೋದೆ. ದೀಪದ ಹೊತ್ತಿಗೆ ಮನೆ ಸೇರಲೇಬೇಕಿತ್ತಾದ್ದರಿಂದ ಬಸ್ಸಿನಲ್ಲಿ ನನ್ನ ಚಡಪಡಿಕೆ ಇನ್ನೂ ಹೆಚ್ಚಾಯಿತು. ತಡವಾದ ದಿನ ಅತ್ತೆ ಬಾಯಿ ಬಿಟ್ಟು ಬೈಯುತ್ತಿರಲಿಲ್ಲ. ಬಂದವಳಿಗೆ ಬತ್ತಿ ಸೊಟ್ಟವಾಗಿದೆ, ಎಣ್ಣೆ ಚೆಲ್ಲಿದೆ, ಗಂಟೆ ಬಾರಿಸಿದ್ದು ಬಸ್ಸಿನ ಕಂಡಕ್ಟರನ ಹಾಗಾಯಿತು ಎಂದು ಜಗಲಿಯಿಂದಲೇ ಹೇಳುತ್ತಿದ್ದರು. ನಾನೂ ಒಳಗಿನಿಂದ ಏನಾದರೂ ಹೇಳುತ್ತಿದ್ದೆ. ಹಾಗೆ ನಮ್ಮಿಬ್ಬರಿಗೆ ಮತ್ತೆ ಮಾತು ಕೂಡಿತು. ಎಣ್ಣೆ ತೀಡುವುದನ್ನು ಅವರು ಸ್ನಾನದ ಹೊತ್ತಿಗೆ ಇಟ್ಟುಕೊಂಡರು. ಡಾಕ್ಟರು ಅದಕ್ಕೇನೂ ಅಡ್ಡಿ ಹೇಳಲಿಲ್ಲ. ತೀಡಿ ಮುಗಿಸಿ, ಒರೆಸಿ, ಬೂಟನ್ನು ತಾವೇ ಹಾಕುತ್ತಿದ್ದರು. ಹಿಮ್ಮಡಿ ಕೂತಿದೆಯೇ ಎಂದು ಕಿಂಡಿಯಲ್ಲಿ ನೋಡಲು ಕಣ್ಣು ಸಾಲದೆ ಬೆರಳು ಹಾಕಿ ನೋಡುತ್ತಿದ್ದರು.

ಪಾದ ಹಿಂದಕ್ಕೆ ಹೋಗುವುದು ನಿಂತಿತು. ಹಗಲಿನ ಬೂಟು ಹೋಗಿ ಮಲಗುವಾಗಿನ ಬೂಟು ಮಾತ್ರ ಉಳಿದಾಗ ಅತ್ತೆ ಮತ್ತೆ ದೇವರ ಕೋಣೆಗೆ ಹೋದರು. ಮೊದಲ ದಿನವೇ ದೀಪವನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಇದರ ಬಣ್ಣ ಮರೆತೇ ಹೋಗಿತ್ತು ಎಂದರು. ಮಗಳು ಎಲ್ಲ ಮಕ್ಕಳಿಗಿಂತ ಸ್ವಲ್ಪ ತಡವಾಗಿ ನಿಂತಳು, ನಡೆದಳು. ಓಡಲು ಶುರು ಮಾಡಿದ ಮೇಲೆ ಅವಳನ್ನು ಹಿಡಿಯುವುದು ಕಷ್ಟವಾಯಿತು. ನನ್ನ ಮಗಳೇ ತಾನೆ, ಕೂತಲ್ಲಿ ಕೂರುವವಳಲ್ಲ. ನಾಲ್ಕು ವರ್ಷ ಕಳೆದ ಮೇಲೆ ಡಾಕ್ಟರು ಅವಳನ್ನು ತಮ್ಮ ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಸಿದರು, ಹಿಮ್ಮಡಿಯಲ್ಲಿ ನಡೆಸಿದರು, ಕುಕ್ಕರಗಾಲಲ್ಲಿ ಕೂರಿಸಿದರು. ಸಾಕು, ಇನ್ನು ಬೂಟು ಬೇಡ, ಪೂರ್ತಿ ತಿದ್ದಿ ಆಯಿತು ಎಂದರು. ವರ್ಷಕ್ಕೊಮ್ಮೆ ತಂದು ತೋರಿಸಿ, ಉಳಿದಂತೆ ಎಲ್ಲ ಮಕ್ಕಳ ಹಾಗೆ ಬಿಡಿ.

ಬಿಡುವುದು ನನಗೆ ಬರಲಿಲ್ಲ. ಡಾಕ್ಟರು ಆಯಿತು ಎಂದರೂ ಪಾದ ಹಿಂದಕ್ಕೆ ಹೋಗಲು ನೋಡುತ್ತದೆ ಎಂದು ಅವರೇ ಹೇಳಿದ್ದ ಮಾತು ನನ್ನನ್ನು ಬಿಡಲಿಲ್ಲ. ಅಂಗನವಾಡಿಯಿಂದ ಬಂದ ಕೂಡಲೇ ಅವಳನ್ನು ಕರೆದು ಕಾಲು ಮಡಿಲಲ್ಲಿಟ್ಟುಕೊಂಡು ಒತ್ತಿ ನೋಡುತ್ತಿದ್ದೆ. ಚಾವಡಿಯ ಟೈಲ್ಸಿನ ಗೆರೆಯ ಮೇಲೆ ನಡೆಸುತ್ತಿದ್ದೆ. ಅವಳ ಚಪ್ಪಲಿಯ ಅಡಿ ಯಾವ ಬದಿಗೆ ಸವೆದಿದೆ ಎಂದು ತಿರುಗಿಸಿ ನೋಡುತ್ತಿದ್ದೆ. ಅವಳು ಅಂಗಳದಲ್ಲಿ ಆಡುವಾಗ, ಕುಣಿಯುವಾಗ, ಸಂಬಂಧಿಕರ ಮದುವೆಯಲ್ಲಿ ಬಣ್ಣದ ಲಂಗ ಉಟ್ಟು ಎಲ್ಲರ ನಡುವೆ ತಿರುಗುವಾಗ ನನ್ನ ಕಣ್ಣು ಲಂಗದ ಕೆಳಗೇ ಇರುತ್ತಿತ್ತು. ಇನ್ನೂ ಎಷ್ಟು ತಿದ್ದುವುದು ಎಂದು ಅತ್ತೆ ಒಮ್ಮೆ ಕೇಳಿದರು. ನನಗೆ ಕೋಪ ಬಂತು. ಒಮ್ಮೆ ಹಿಂದಕ್ಕೆ ಹೋದದ್ದು ಯಾರ ದೆಸೆಯಿಂದ ಎಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿದೆ. ಮುನ್ನೆಚ್ಚರಿಕೆ ಅಂತ ಒಂದಿದೆಯಲ್ಲ ಎಂದೆ. ಮಗಳು ಬೇಡ ಎನ್ನುತ್ತಿರಲಿಲ್ಲ. ಅಂಗನವಾಡಿಯ ಚೀಲ ಬಿಸಾಡಿ, ನಾನು ಕರೆಯುವ ಮೊದಲೇ ಬಂದು ಕೂತು, ಕಾಲು ಚಾಚುತ್ತಿದ್ದಳು. ಎಷ್ಟು ಜಾಣೆ ಎಂದು ನಾನು ಹೆಮ್ಮೆಪಡುತ್ತಿದ್ದೆ.

ಕಳೆದ ಮಳೆಗಾಲ ಮುಗಿದು ಅಂಗಳದ ಪಾಚಿ ಇನ್ನೂ ಪೂರ್ತಿ ಒಣಗದ ದಿನಗಳು. ಭಾನುವಾರ. ನಾನು ಜಗಲಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅತ್ತೆ ಹಿಂದೆ ತೆಂಗಿನಕಾಯಿ ಸುಲಿಸುತ್ತಿದ್ದರು. ಮಗಳು ಬಾವಿಕಟ್ಟೆಯ ಕಡೆಯಿಂದ ಓಡಿ ಬಂದವಳು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿದಳು. ಬಿದ್ದ ಸದ್ದು ನನಗೆ ಕೇಳಿತು. ಪೆನ್ನು ಎಲ್ಲಿ ಹೋಯಿತೋ ಗೊತ್ತಿಲ್ಲ, ನಾನು ಓಡಿದೆ.

ಅವಳು ಕಲ್ಲಿಗೆ ಒರಗಿ ಕೂತಿದ್ದಳು. ಹುಬ್ಬಿನ ಮೇಲೆ ಸೀಳಿ ರಕ್ತ ಸುರಿಯುತ್ತಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು, ಗಲ್ಲದಿಂದ ಅಂಗಿಗೆ ಇಳಿಯುತ್ತಿತ್ತು. ತುಟಿ ಅದುರುತ್ತಿತ್ತು, ಆದರೆ ಅವಳು ಅಳುತ್ತಿರಲಿಲ್ಲ. ನಾನು ಬರುವುದನ್ನು ತೆರೆದ ಒಂದು ಕಣ್ಣಿನಲ್ಲಿ ನೋಡಿ, ಎರಡೂ ಕೈಯಲ್ಲಿ ಬಲಗಾಲನ್ನು ಹಿಡಿದು ನನ್ನ ಕಡೆಗೆ ಎತ್ತಿದಳು.

"ಕಾಲಿಗ್ ಎಂತ ಆಯಿಲ್ಲೆ ಅಮ್ಮ," ಎಂದಳು. "ಕಾಣ್, ಸರಿ ಇತ್ತ್."